ಯಂತ್ರಕ್ಕೆ ಸಿಕ್ಕಿಬಿದ್ದ ಸೋದರಮಾವ

ನನ್ನ ಸೋದರಮಾವನ ಜೊತೆ ಹೊರಗೆ ಹೋಗುವಾಗ ಮಾನ ಮರ್ಯಾದೆಯನ್ನು ಮನೆಯಲ್ಲೇ ಬಿಟ್ಟು ಹೋಗುವುದು ಒಳ್ಳೆಯದು! ಲಕ್ಷ್ಮೀಪುರಂನ ಹೋಟೆಲಿನಲ್ಲಿ ಇವರು ಲೋಟದಿಂದ ಬಟ್ಟಲಿಗೆ ಕಾಫಿ ಸುರಿದರೆ ಅರ್ಧ ಪಕ್ಕದವರ ಪಂಚೆಗೆ. ಕೇಳಿದರೆ, "ಬಟ್ಟಲು ಸರ್ಕೊಂಡ್ಬುಡ್ತು ಕಣಮ್ಮ" ಎನ್ನುತ್ತಾರೆ. ಇವರ ಎಡಗಣ್ಣು ಚಿಕ್ಕಂದಿನಿಂದಲೂ ಸೋಮಾರಿ. ಬಲಗಣ್ಣಿನ ಜೊತೆ ಸೇರಿ ನೋಡುವುದಿಲ್ಲ. ಅದನ್ನು ಒಪ್ಪಿಕೊಳ್ಳುವುದುಂಟೆ? ಲೈಸೆನ್ಸಿನ ಕಣ್ಣು ಪರೀಕ್ಷೆಯಲ್ಲೂ ಬೆರಳ ಸಂದಿಯಲ್ಲಿ ಇಣುಕಿ ಪಾಸಾದ ಮಹಾಶಯರು!

ನನ್ನ ಆರು ವರ್ಷದ ಮಗಳಿಗೂ ಅದೇ ಕಣ್ಣು ಬಂದಿದೆ. ಈಗಲೇ ಚಿಕಿತ್ಸೆ ಶುರು ಮಾಡಿದರೆ ಸರಿಹೋಗಬಹುದು, ಅದಕ್ಕೆ ಮೊದಲು ಕಂಪ್ಯೂಟರ್ ಪರೀಕ್ಷೆ ಆಗಲೇಬೇಕು ಎಂದರು ಡಾಕ್ಟರು. ಮಾವನನ್ನೂ ಕರೆದುಕೊಂಡು ಆಸ್ಪತ್ರೆಗೆ ಹೋದರೆ, ಮಗಳು ಯಂತ್ರದ ಮುಂದಿನ ಕುರ್ಚಿ ಹತ್ತಲೇ ಇಲ್ಲ. "ಕಾಣಲ್ಲ ಅಂದ್ರೆ ಎಲ್ರೂ ನಗ್ತಾರೆ" ಎಂದು ನನ್ನ ಸೆರಗಿನೊಳಗೆ ಸೇರಿಕೊಂಡಳು.

ನಮ್ಮ ಮನೆಯಲ್ಲಿ ಮಕ್ಕಳಿಗೆ ಕಷಾಯ ಕೊಡುವ ಮೊದಲು ದೊಡ್ಡವರೊಬ್ಬರು ಕುಡಿದು ತೋರಿಸುವುದು ವಾಡಿಕೆ. "ಮೊದ್ಲು ನಾನು" ಎಂದು ಮಾವ ಕುಳಿತೇಬಿಟ್ಟರು! ಮೂಗಿನ ಮೇಲೆ ಕೆಂಪು ಹಸಿರು ಗಾಜಿನ ಕನ್ನಡಕ. ಪರದೆಯಲ್ಲಿ ಬಲಗಣ್ಣಿಗೆ ಬಳೆ, ಎಡಗಣ್ಣಿಗೆ ನಕ್ಷತ್ರ. ಎರಡು ಕಣ್ಣೂ ಕೂಡಿ ನೋಡಿದರೆ ಬಳೆಯೊಳಗೆ ನಕ್ಷತ್ರ ಕಾಣಬೇಕು.

"ನಕ್ಷತ್ರ ಕಾಣಿಸುತ್ತಿದೆಯೇ?" ಯಂತ್ರದ ಹೆಣ್ಣುದನಿ ಕೇಳಿತು.

ಮಾವ ಮೆಲ್ಲಗೆ ಬಲಗಣ್ಣು ಮುಚ್ಚಿ ನೋಡಿದರು. ಕ್ಯಾಮೆರಾ ಹಿಡಿದೇಬಿಟ್ಟಿತು!

"ಎರಡೂ ಕಣ್ಣು ತೆರೆಯಿರಿ."

"ತೆರೆದೇ ಇದೆ ಕಣ್ರೀ!"

"ಎರಡೂ ಕಣ್ಣು ತೆರೆಯಿರಿ."

"ಸ್ವಲ್ಪ ತಾಳ್ರೀ ತಾಯಿ, ಏನ್ ಅವಸರ? ನಿಮ್ದು ತಿಂಡಿ ಆಯ್ತಾ?"

ಕಾಯುತ್ತಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನೆಲ ಬಾಯಿ ಬಿಡಬಾರದೇ ಎನಿಸಿತು ನನಗೆ. "ಎದ್ ಬನ್ನಿ ಮಾವ, ಮಾನ ಹೋಗ್ತಿದೆ" ಎಂದೆ. ಆ ಮಾತು ಮಗಳಿಗೂ ಕೇಳಿಸಿತು. ಅವಳು ಇನ್ನಷ್ಟು ಮುದುಡಿಕೊಂಡಳು.

ಮಾವ ಅವಳನ್ನು ನೋಡಿದರು. ಕುರ್ಚಿ ತಿರುಗಿಸಿ, ಎಲ್ಲರಿಗೂ ಕೇಳುವಂತೆ ಹೇಳಿದರು:

"ನಂಗೆ ಕಾಣ್ತಿಲ್ಲ ಕಣ್ರಪ್ಪ. ಎರಡೂ ಕಣ್ ತೆರೆದ್ರೆ ನಕ್ಷತ್ರಾನೇ ಇಲ್ಲ. ಜನ ನಗ್ತಾರೇಂತ ಇಷ್ಟ್ ವರ್ಷ ಸುಳ್ಳು ಹೇಳ್ಕೊಂಡ್ ಬಂದ್ಬುಟ್ಟೆ. ಈಗ ನಗೋರು ನಕ್ಬುಡಿ."

ಯಾರೂ ನಗಲಿಲ್ಲ. ಮಗಳು ನನ್ನ ಸೆರಗು ಬಿಟ್ಟು ಅವರ ತೊಡೆಯೇರಿದಳು. ಅವರ ಕನ್ನಡಕ ಕಿತ್ತು ತಾನೇ ಹಾಕಿಕೊಂಡಳು. "ನಕ್ಷತ್ರ ಕಾಣಿಸುತ್ತಿದೆಯೇ?" ಯಂತ್ರ ಮತ್ತೆ ಕೇಳಿತು.

"ಇಲ್ಲ!" ಎಂದಳು, ಆಸ್ಪತ್ರೆಗೆಲ್ಲ ಕೇಳುವಂತೆ.

ಮಾವ ಅವಳ ನೆತ್ತಿಗೆ ಮುತ್ತಿಟ್ಟರು. ಮಾನ ಹೋಗ್ತಿದೆ ಎಂದಿದ್ದ ನನಗೆ ಅವರಿಬ್ಬರ ಮುಖ ನೋಡುವ ಧೈರ್ಯವಾಗಲಿಲ್ಲ.