ಸೋರಿದ್ದು ಯಾರ ಲಾರಿ?

ಬೆಳ್ಳಂಬೆಳಗ್ಗೆ ತನ್ನ ಲಾರಿಯ ಮೂತಿಯ ಕೆಳಗೆ ಹಸಿರು ನೀರು ನಿಂತಿದ್ದನ್ನು ಕಂಡಾಗ ಅವನಿಗೆ ಮೊದಲು ನೆನಪಾದದ್ದು ರೇಡಿಯೇಟರ್ ಅಲ್ಲ, ಜಲಪಾತ.

ಜಲಪಾತ ಎಂದರೆ ಅದೇ ಲಾರಿ ಯಾರ್ಡಿನ ಇನ್ನೊಬ್ಬ ಡ್ರೈವರ್. ಹಿಂದೊಮ್ಮೆ ಆತನ ಲಾರಿ ಸೋರಿದಾಗ ಆ ಹೆಸರಿಟ್ಟವನು ಇವನೇ. ಈಗ ಆತನ ಅತ್ತೆ ಕೂಡ ಅಳಿಯನನ್ನು ಹಾಗೇ ಕರೆಯುತ್ತಾಳೆಂದು ಸುದ್ದಿ. "ಗಾಡಿ ನೋಡ್ಕೊಳ್ಳೋಕೆ ಬರ್ದೇ ಇರೋರು ಸ್ಟೇರಿಂಗ್ ಯಾಕೆ ಹಿಡೀಬೇಕು?" ಎಂದು ಯಾರ್ಡಿಗೆಲ್ಲ ಉಪದೇಶ ಮಾಡಿದ ಬಾಯಿಯೂ ಇವನದೇ. ಇನ್ನು ಸ್ವಲ್ಪ ಹೊತ್ತಿಗೆ ಎಲ್ಲರೂ ಬರುತ್ತಾರೆ. ತನಗೇನು ಹೆಸರು ಬೀಳಬಹುದೆಂದು ಯೋಚಿಸಿಯೇ ಅವನ ಕಿವಿ ಬಿಸಿಯಾಯಿತು.

ಚಿಂದಿ ತಂದು ಒರೆಸಿದ. ಒರೆಸಿದಷ್ಟೂ ಕಲೆ ಮದುವೆಮನೆಯ ಗುಸುಗುಸುವಿನಂತೆ ಹರಡಿತು.

ಪಕ್ಕದಲ್ಲಿ ದೊಡ್ಡಣ್ಣನ ಲಾರಿ ನಿಂತಿತ್ತು. ದೊಡ್ಡಣ್ಣ ಯಾರ್ಡಿನ ಹಿರಿಯ ಡ್ರೈವರ್. ಇವನಿಗೆ ಗೇರು ಹಾಕುವುದನ್ನು ಕಲಿಸಿದವನು. ಆತನ ಲಾರಿಯ ಕೆಳಗಿನ ನೆಲ ಒಣಗಿ ಬೆಳ್ಳಗಿತ್ತು. ಕೀಲಿ ಗಾಡಿಯಲ್ಲೇ ನೇತಾಡುತ್ತಿತ್ತು. ಆಮೇಲೆ ನಡೆದದ್ದನ್ನು ಅವನ ಕೈಕಾಲುಗಳೇ ಮಾಡಿದವು, ಮನಸ್ಸು ಬೇರೆ ಕಡೆ ಮುಖ ತಿರುಗಿಸಿ ನಿಂತಿತ್ತು. ತನ್ನ ಲಾರಿಯನ್ನು ಹೊರಗೆಳೆದ. ದೊಡ್ಡಣ್ಣನದನ್ನು ಕಲೆಯ ಮೇಲೆ ತಂದು ನಿಲ್ಲಿಸಿದ. ತನ್ನದನ್ನು ಒಣ ಜಾಗಕ್ಕೆ ಸೇರಿಸಿ, ಸೋರುವ ನೀರು ಹಿಡಿಯಲು ಕೆಳಗೊಂದು ಹಳೇ ಬೋಗುಣಿ ತಳ್ಳಿದ.

ಜನ ಸೇರಿದರು. ಮೊದಲು ಕೂಗಿದವನು ಪಂಕ್ಚರ್ ಹಾಕುವ ಟೈರಿನವನು.

"ದೊಡ್ಡಣ್ಣಾ, ನಿಮ್ಮ ಗಾಡಿ ನಿಂತಲ್ಲೇ ಒಂದಕ್ಕೆ ಹೋಗಿದೆ!"

ದೊಡ್ಡಣ್ಣ ಹಲ್ಲುಜ್ಜುತ್ತಾ ಬಂದು ನೋಡಿದ. ಟೀ ಅಂಗಡಿಯ ಅಕ್ಕ ಲೋಟ ತೊಳೆಯುವುದನ್ನು ಬಿಟ್ಟು ಬಂದಳು. "ರೇಡಿಯೇಟರಿಗೆ ಒಂದು ಮೊಟ್ಟೆ ಒಡೆದು ಹಾಕಿ. ತೂತು ತಾನಾಗೇ ಮುಚ್ಕೊಳ್ಳುತ್ತೆ."

"ಮೊಟ್ಟೆ ಯಾಕಕ್ಕಾ, ಸೋಪು ಮೆತ್ತಿದ್ರೆ ಸಾಕು" ಎಂದ ಟೈರಿನವನು.

"ಸೋಪಿದ್ರೆ ಮೊದ್ಲು ನಿನ್ನ ಕೈ ತೊಳ್ಕೋ."

ದೊಡ್ಡಣ್ಣ ತಲೆ ಕೆರೆದುಕೊಂಡ. "ನಾನು ಆ ಪಕ್ಕದಲ್ಲಿ ನಿಲ್ಸಿದ್ದೆ ಅಂತ ನೆನಪು..."

"ವಯಸ್ಸಾಯ್ತಣ್ಣಾ" ಎಂದ ಜಲಪಾತ. "ನಾಳೆ ಪಕ್ಕದ್ಮನೆಗೆ ಹೋಗಿ ಊಟಕ್ಕೆ ಕೂತ್ಬಿಡ್ತೀರಾ, ಹುಷಾರು."

ಎಲ್ಲರೂ ನಕ್ಕರು. ಇವನೂ ನಗಲು ನೋಡಿದ. ಬ್ಯಾಟರಿ ಇಳಿದ ಇಂಜಿನ್ನಿನಂತೆ ಗಂಟಲು ಕೊರ್ ಕೊರ್ ಎಂದು ನಿಂತುಹೋಯಿತು.

"ನೀನೇ ಹೇಳಪ್ಪಾ, ನನ್ನ ಗಾಡಿ ಇಲ್ಲೇ ಇತ್ತಾ?" ದೊಡ್ಡಣ್ಣ ಇವನನ್ನೇ ಕೇಳಿದ.

"ಇಲ್ಲೇ... ಇತ್ತು ಅನ್ಸುತ್ತೆ ಅಣ್ಣಾ." ಗೇರು ಕಲಿಸಿದ ಆ ಕೈಗಳನ್ನು ನೋಡಲಾರದೆ ಇವನು ತನ್ನ ಚಪ್ಪಲಿಯನ್ನೇ ನೋಡುತ್ತಾ ನಿಂತ.

ಅಷ್ಟರಲ್ಲಿ ಓನರ್ ಬಂದರು. ನೆಲ ನೋಡಿ ಮುಖ ಗಂಟಿಕ್ಕಿದರು. "ಸೋರೋ ಗಾಡೀನ ಗುಡ್ಡ ಹತ್ತಿಸೋಕಾಗುತ್ತೇನ್ರೀ? ಹೊಸ ರೇಡಿಯೇಟರ್ ತರ್ಸಿ ಕೂರ್ಸಿ. ಹಳೇದನ್ನ ಈಗ್ಲೇ ಗುಜರಿಗೆ ಕಳ್ಸಿ." ಆಮೇಲೆ ಇವನ ಕಡೆ ತಿರುಗಿದರು. "ನಿಂದು ನಂಬಿಕಸ್ಥ ಗಾಡಿ. ದೊಡ್ಡಣ್ಣನ ಸಿಮೆಂಟ್ ಲೋಡು ನೀನೇ ಹೊಡಿ."

ಆಗಲೂ ಹೇಳಬಹುದಿತ್ತು. ಹೇಳಲೆಂದೇ ಬಾಯಿ ತೆರೆದ. "ಆಯ್ತು ಸಾರ್" ಎಂಬುದು ಹೊರಗೆ ಬಂತು.

ಗುಡ್ಡದ ದಾರಿಯಲ್ಲಿ ಲಾರಿಗಿಂತ ವೇಗವಾಗಿ ಮೇಲೇರಿದ್ದು ಇಂಜಿನ್ನಿನ ಬಿಸಿ ತೋರಿಸುವ ಮೀಟರಿನ ಮುಳ್ಳು. ತಿರುವು ತಿರುವಿಗೂ ನಿಂತು, ಇಂಜಿನ್ ತಣಿಯುವವರೆಗೆ ಕಾದು, ಕ್ಯಾನಿನ ನೀರು ಸುರಿದ. ಮೇಲಿಂದ ಸುರಿದದ್ದು ಕೆಳಗಿಂದ ಇಳಿದುಹೋಯಿತು. ಕೊನೆಗೆ ಕ್ಯಾನೂ ಖಾಲಿ, ಧೈರ್ಯವೂ ಖಾಲಿ. ಬುಸುಗುಡುವ ಲಾರಿಯ ಪಕ್ಕ ಕಲ್ಲಿನ ಮೇಲೆ ಕುಳಿತ.

ಸಿಮೆಂಟ್ ಇನ್ನೂ ಬಂದಿಲ್ಲವೆಂದು ಗಿರಾಕಿ ಫೋನ್ ಮಾಡಿದ್ದರಿಂದ, ನೋಡಿ ಬರಲು ಓನರ್ ಕಳಿಸಿದ್ದು ದೊಡ್ಡಣ್ಣನನ್ನೇ. ಹೊಸ ರೇಡಿಯೇಟರಿನ ಖಾಲಿ ಲಾರಿ ಹೊಸ ಮದುಮಗನಂತೆ ಏರು ಹತ್ತಿ ಬಂತು. ದೊಡ್ಡಣ್ಣ ಇಳಿದು ಬಂದದ್ದೇ ತಡ, ಇವನಿಗೆ ತಡೆಯಲಾಗಲಿಲ್ಲ.

"ಅಣ್ಣಾ, ಬೆಳಗ್ಗೆ ಸೋರಿದ್ದು ನಿಮ್ಮ ಗಾಡಿ ಅಲ್ಲ. ನಂದು. ನಾನೇ ಜಾಗ ಬದಲಾಯಿಸ್ದೆ. ಎಲ್ರೂ ನಿಮ್ಮನ್ನ ನೋಡಿ ನಗುವಾಗ ನಾನು..."

"ಗೊತ್ತು ಬಿಡು."

"ಗೊತ್ತಾ? ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ಮನೇಲಿ ನಿಮ್ಮತ್ತಿಗೆ ಹತ್ರ ಜಗಳ ಆಡ್ಕೊಂಡು ಬಂದು ಗಾಡೀಲೇ ಮಲಗಿದ್ದೆ, ಸೀಟಿನ ಹಿಂದೆ, ಪರದೆ ಎಳ್ಕೊಂಡು. ನೀನು ಓಡಿಸ್ತಾ ಇದ್ದಾಗ ನಾನು ಒಳಗೇ ಇದ್ದೆ. ನೀನು ಬೋಗುಣಿ ತರೋಕೆ ಹೋದಾಗ ಮೆಲ್ಲಗೆ ಇಳ್ಕೊಂಡೆ. ಪರವಾಗಿಲ್ಲ, ರಿವರ್ಸ್ ಚೆನ್ನಾಗಿ ಕಲ್ತಿದೀಯ."

"ಮತ್ತೆ... ಯಾಕೆ ಸುಮ್ನಿದ್ರಿ?"

"ನನ್ನ ರೇಡಿಯೇಟರ್ ಒಳಗೆಲ್ಲ ಕಸ ಕಟ್ಕೊಂಡು ಏರಿನಲ್ಲಿ ಕುದೀತಿತ್ತು ಕಣೋ. ಹೊಸದು ಕೊಡ್ಸಿ ಅಂತ ಓನರ್ ಹಿಂದೆ ಸುತ್ತಿ ಸುತ್ತಿ ಸಾಕಾಗಿತ್ತು. 'ಮೊದ್ಲು ಸೋರ್ಲಿ, ಆಮೇಲೆ ನೋಡೋಣ' ಅಂತಿದ್ರು. ಹಾಳಾದ್ದು, ಒಂದು ಹನಿ ಸೋರ್ತಿರ್ಲಿಲ್ಲ. ನೀನಾಗೇ ತಂದು ನೀರಿನ ಮೇಲೆ ನಿಲ್ಸಿದೆ. ಬೇಡ ಅನ್ನೋಕಾಗುತ್ತಾ?"

"ಹಾಗಾದ್ರೆ ನಂಗೂ ಒಂದು ಹೊಸದು ಕೊಡ್ಸೋಕೆ ನೀವೇ ಓನರಿಗೆ..."

"ಈ ವರ್ಷಕ್ಕೆ ಇದೊಂದೇ ಅಂತ ಖಡಾಖಂಡಿತವಾಗಿ ಹೇಳಿದಾರೆ. ಇನ್ನು ಯಾರ್ದೇ ಸೋರಿದ್ರೂ ಸೋಪು ಮೆತ್ಕೊಂಡು ಓಡಿಸ್ಬೇಕಂತೆ."

ದೊಡ್ಡಣ್ಣ ಲಾರಿ ತಿರುಗಿಸಿ, ಎಳೆದೊಯ್ಯಲು ಇವನ ಗಾಡಿಗೆ ಸರಪಳಿ ತಂದು ಕಟ್ಟಿದ. ಕೆಳಗೆ ಯಾರ್ಡಿನಲ್ಲಿ ಸಂಜೆಯ ಟೀಗೆ ಎಲ್ಲರೂ ಸೇರುವ ಹೊತ್ತು.

"ಅಣ್ಣಾ, ನಿಮ್ಮ ಕಾಲಿಗೆ ಬೀಳ್ತೀನಿ. ಹಿಂದಿನ ಗೇಟಿಂದ ಹೋಗೋಣ."

"ಸರಪಳಿ ಕಟ್ಟಿದ ಗಾಡಿ ಆ ಸಂದಿಯಲ್ಲಿ ತಿರುಗಲ್ಲಪ್ಪಾ. ಮುಂದಿನ ಗೇಟೇ ಗತಿ." ದೊಡ್ಡಣ್ಣ ಕ್ಯಾಬಿನ್ ಹತ್ತಿ, ಕಿಟಕಿಯಿಂದ ತಲೆ ಹಾಕಿ ಅಕ್ಕರೆಯಿಂದ ಹೇಳಿದ: "ನೀನು ಸ್ಟೇರಿಂಗ್ ನೋಡ್ಕೋ, ಸಾಕು. ಹಾರನ್ ನಾನೇ ಹೊಡೀತೀನಿ."