ಹುಣಸೆಮರದಿಂದ ಎಡಕ್ಕೆ ಒಬ್ಬಟ್ಟಿನ ಅಂಗಡಿ

ಆ ಭಾನುವಾರ ನಮ್ಮ ಮನೆಯ ಕಂಪ್ಯೂಟರಿನ ಮುಂದೆ ನಾಲ್ವರಿದ್ದೆವು. ಕುರ್ಚಿಯಲ್ಲಿ ನಾನು. ಪಕ್ಕದ ಸ್ಟೂಲಿನ ಮೇಲೆ ಶಿವಲೀಲಾ. ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ಹುಬ್ಬಳ್ಳಿಯ ಹುಡುಗಿ, ಯಾವುದೋ ಜಾಹೀರಾತು ಕಂಪನಿಯಲ್ಲಿ ಕೆಲಸ. ಹಿಂದೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನನ್ನ ಹೆಂಡತಿ ಸರೋಜ. ಬಾಗಿಲ ಬಳಿ, ಕೂತ್ಕೊಳ್ಳಿ ಅಂದರೂ ಕೂರದೆ, ಮುನಿವೆಂಕಟಪ್ಪನವರು. ಪುಟ್ಟೇನಹಳ್ಳಿಯಲ್ಲಿ ಅವರಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅವರ ಮಳಿಗೆಗಳು ಬೆಳೆದಿದ್ದವು. ಕೊನೆಯ ಮಳಿಗೆಯಲ್ಲಿ ಸರೋಜಳ ಒಬ್ಬಟ್ಟಿನ ಅಂಗಡಿ.

"ಅಮ್ಮಾವ್ರೇ, ಬೇಜಾರು ಮಾಡ್ಕೋಬೇಡಿ. ಅಂಗ್ಡಿ ಮುಂದೆ ಒಂದು ನೊಣಾನೂ ಕಾಣಾಕಿಲ್ಲ. ಮೊಬೈಲ್ ಅಂಗ್ಡಿಯೋನು ಮಳಿಗೆ ಕೊಡಿ ಅಂತ ದಿನಾ ಬಂದು ಕೂತ್ಕೋತಾವ್ನೆ. ಯುಗಾದಿ ಗಂಟ ನೋಡ್ತೀನಿ, ಅಷ್ಟೇಯಾ," ಅಂದರು.

ಸರೋಜ ನನ್ನ ಮುಖ ನೋಡಿದಳು. ಮದುವೆಯಾದಂದಿನಿಂದ ನಮಗೆಲ್ಲ ಬೇಯಿಸಿ ಬಡಿಸಿದವಳು, ಮೊದಲ ಬಾರಿಗೆ ತನ್ನದು ಅಂತ ತೆರೆದ ಅಂಗಡಿ ಅದು.

"ಯೋಚ್ನೆ ಬಿಡಿ! ವೆಬ್‌ಸೈಟು ಮಾಡಿದೀವಿ. ಮಿಕ್ಕಿದ್ದು ನನಗೆ ಬಿಡಿ!" ಎಂದೆ.

ಮಿಕ್ಕಿದ್ದನ್ನು ನನಗೇ ಬಿಟ್ಟರು. ಅಲ್ಲೇ ಎಡವಟ್ಟಾಯಿತು!

ಶಿವಲೀಲಾ ಪರದೆ ತೋರಿಸಿದಳು. "ಅಂಕಲ್, ಇದಕ್ಕ ಅನಲಿಟಿಕ್ಸ್ ಅಂತಾರ್ರಿ. ಯಾರು ಯಾವ ಪುಟಕ್ಕ ಬಂದ್ರು, ಎಷ್ಟೊತ್ತು ಅಲ್ಲೇ ಇದ್ರು, ಎಲ್ಲಾ ತೋರಸ್ತದ. ಅದನ್ನ ನೋಡ್ಕೋತ ಜಾಹೀರಾತು ಬದಲಿ ಮಾಡ್ಕೋತ ಹೋಗೂದು. ಆದ್ರ ಯಾಕ ಅಷ್ಟೊತ್ತು ಇದ್ರು ಅನ್ನೂದನ್ನ ನೀವ ತಿಳ್ಕೋಬೇಕ್ರಿ." ಇಷ್ಟು ಹೇಳಿ, ಅಕ್ಕನ ಬಾಣಂತನಕ್ಕೆಂದು ರಜೆ ಹಾಕಿ ಊರಿಗೆ ಹೊರಟುಹೋದಳು.

ನಾನು ಸಂಶೋಧನೆಗೆ ಕೂತೆ. ಬೇಳೆ ಒಬ್ಬಟ್ಟಿನ ಚಿತ್ರ, ಕಾಯಿ ಒಬ್ಬಟ್ಟಿನ ಚಿತ್ರ. ಜನ ಇಣುಕಿ ನೋಡಿ ಮುಂದೆ ಹೋಗುತ್ತಿದ್ದರು. ಆದರೆ ‘ಅಂಗಡಿಗೆ ದಾರಿ’ ಎಂಬ ಪುಟಕ್ಕೆ ಬಂದವರು ಅಲ್ಲಾಡುತ್ತಲೇ ಇರಲಿಲ್ಲ! ಆ ಪುಟ ಬರೆದವನು ನಾನು. ಅಜ್ಜಿಯ ಮಡಿಲಲ್ಲಿ ಕೂತು ಕನ್ನಡ ಕಲಿತವನ ಕೈ ಸುಮ್ಮನಿರುತ್ತದೆಯೇ?

"ಬಸ್ಸಿನಿಂದಿಳಿದು ಪೂರ್ವಾಭಿಮುಖವಾಗಿ ನಡೆಯತಕ್ಕದ್ದು. ದೊಡ್ಡ ಹುಣಸೆಮರದ ಬಳಿ ಎಡಕ್ಕೆ ಹೊರಳಿ, ಬಾವಿಯನ್ನು ಬಲಕ್ಕೆ ಬಿಟ್ಟು, ರಾಗಿ ಹೊಲದ ಅಂಚಿಗೆ ಬಂದರೆ ಮುಂದಿನ ದಾರಿಯನ್ನು ಒಬ್ಬಟ್ಟಿನ ಪರಿಮಳವೇ ತೋರುವುದು!"

"ಸರೋಜ, ಜನ ನನ್ನ ಬರವಣಿಗೆ ಓದ್ತಾ ಮೈಮರೀತಿದಾರೆ ಕಣೆ!"

"ಅಂಗಡಿಗೆ ಬರೋದನ್ನೂ ಮರ್ತ್‌ಬಿಡ್ತಾರೇನ್ರೀ?"

ಹೆಂಡತಿಗೆ ಮಾರುಕಟ್ಟೆ ಶಾಸ್ತ್ರ ತಿಳಿಯದು ಎಂದು ಕನಿಕರಪಟ್ಟೆ. ಮತ್ತು ಕಾರ್ಯತಂತ್ರವನ್ನು ಪರಿಷ್ಕರಿಸಿದೆ. ಒಬ್ಬಟ್ಟಿನ ಚಿತ್ರಗಳು ಅಂಚೆಚೀಟಿಯಷ್ಟಾದವು. ಹುಣಸೆಮರಕ್ಕೆ ಒಂದು ಇಡೀ ಪ್ಯಾರಾ ಬಂತು, ಬಾವಲಿಗಳ ಸಮೇತ. ಬಾವಿಯ ನೀರಿನ ಸಿಹಿಯನ್ನು ವರ್ಣಿಸಲು ಜಾಗ ಸಾಲಲಿಲ್ಲ. ಓದಿಗೆ ಅಡ್ಡಿ ಎಂದು ಫೋನ್ ನಂಬರು ತೆಗೆದುಹಾಕಿದೆ. ಇಂಟರ್ನೆಟ್ಟಿನಲ್ಲಿ ಜಾಹೀರಾತು ಕೊಟ್ಟು, ಅದನ್ನು ಒತ್ತಿದವರೆಲ್ಲ ನೇರವಾಗಿ ಹುಣಸೆಮರಕ್ಕೇ ಬಂದು ಬೀಳುವಂತೆ ಮಾಡಿದೆ!

ಪರದೆಯ ಮೇಲಿನ ಗೆರೆ ಚಾಮುಂಡಿ ಬೆಟ್ಟ ಹತ್ತಿತು. ಕೆಲವರು ಓದಿ ಹೋಗಿ, ಸ್ವಲ್ಪ ಹೊತ್ತಿಗೆ ಮತ್ತೆ ಬಂದು ಅದನ್ನೇ ಓದುತ್ತಿದ್ದರು. ಮರು ಓದು! ಯಾವ ಲೇಖಕನಿಗುಂಟು ಈ ಭಾಗ್ಯ?

"ಹಬ್ಬಕ್ಕೆ ಜನ ಮುಗಿಬೀಳ್ತಾರೆ. ಧಾರಾಳವಾಗಿ ಹೂರಣ ರುಬ್ಬು," ಎಂದು ಅಪ್ಪಣೆ ಕೊಟ್ಟೆ.

ಯುಗಾದಿಯ ಹಿಂದಿನ ದಿನ. ದೊಡ್ಡ ಪಾತ್ರೆಯ ತುಂಬ ಹೂರಣ. ಕಾವಲಿ ಕಾದು ಕೂತಿತ್ತು. ನಾವೂ ಕಾದು ಕೂತಿದ್ದೆವು. ಮಧ್ಯಾಹ್ನವಾದರೂ ಒಬ್ಬ ಗಿರಾಕಿಯಿಲ್ಲ! ಸರೋಜ ಎದ್ದು ಸ್ಟೌ ಆರಿಸಿದಳು.

"ಹಬ್ಬ ಮುಗಿದ್ಮೇಲೆ ಬೀಗದ ಕೈ ಕೊಟ್ಬಿಡೋಣ ರೀ," ಅಂದಳು ಮೆಲ್ಲಗೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅಷ್ಟರಲ್ಲಿ ರಸ್ತೆಯ ತುದಿಯಲ್ಲಿ ಗದ್ದಲ. ಮುಂದೆ ಹೆಗಲ ಮೇಲೆ ಟವೆಲ್ ಹಾಕಿಕೊಂಡ ಮುನಿವೆಂಕಟಪ್ಪನವರು. ಹಿಂದೆ ಬ್ಯಾಗು ಹಿಡಿದ ಹೆಂಗಸರು, ಸ್ಕೂಟರು ತಳ್ಳುವ ಗಂಡಸರು. ಥೇಟು ಮೆರವಣಿಗೆ!

"ಏನ್ ಸಾಮಿ ನೀವು!" ಎಂದು ಅವರು ದೂರದಿಂದಲೇ ಕೂಗಿದರು. "ಹುಣಸೇಮರ ಕಡ್ದು, ಬಾವಿ ಮುಚ್ಚಿ, ಅಪಾರ್ಟ್‌ಮೆಂಟೇ ಎದ್ದು ಯಾವ ಕಾಲ ಆಯ್ತು! ಇವ್ರೆಲ್ಲ ಗೇಟಲ್ಲಿ ನಿಂತು ಮರ ಎಲ್ಲಿ, ಬಾವಿ ಎಲ್ಲಿ ಅಂತ ವಾಚ್‌ಮನ್ ಪ್ರಾಣ ತಿಂತಾವ್ರೆ!"

ನಮ್ಮ ಕಡೆ ದಾರಿ ಹೇಳುವುದೇ ಹಾಗಲ್ಲವೇ? ಮರ ಹೋದರೂ ಅದು ಹುಣಸೆಮರದ ತಿರುವೇ. ಹಳಬರಿಗೆ ಅದು ಸಾಕು. ಹೊಸಬರು ಪಾಪ, ಮರವನ್ನೇ ಹುಡುಕಿದ್ದರು!

ನನ್ನ ಪುಟವನ್ನು ಕಾಗದಕ್ಕೆ ಇಳಿಸಿ ತಂದಿದ್ದ ಒಬ್ಬ ಆಂಟಿ ಮುಂದೆ ಬಂದರು. "ನೀವೇ ಬರೆದಿದ್ದಾ ಸಾರ್? ಮನೆಗೆ ವಾಪಸ್ ಹೋಗಿ ಮತ್ತೆ ಮತ್ತೆ ಓದಿದ್ವಿ. ತುಂಬಾ ಚೆನ್ನಾಗಿದೆ. ಅಂಗಡಿ ಮಾತ್ರ ಸಿಗ್ಲಿಲ್ಲ! ಒಂದು ಫೋನ್ ನಂಬರಾದ್ರೂ ಹಾಕ್ಬಾರ್ದಾ?"

ಸರೋಜ ನನ್ನತ್ತ ನೋಡಿದಳು. ಆ ನೋಟದ ಅವಧಿಯನ್ನು ಅಳೆಯುವ ಉಪಕರಣ ಇನ್ನೂ ಬಂದಿಲ್ಲ. ಮರುಕ್ಷಣವೇ ಸ್ಟೌ ಹಚ್ಚಿದಳು. ಮೊದಲ ಒಬ್ಬಟ್ಟು, ಮೇಲೆ ತುಪ್ಪ ಸುರಿದು, ಮುನಿವೆಂಕಟಪ್ಪನವರ ಕೈಗೆ.

ಆಗ ನನಗೆ ಹೊಳೆಯಿತು. ಅವರು "ಇಲ್ಲಿ ಅಂಥ ಅಂಗಡಿ ಇಲ್ಲ" ಅಂದಿದ್ದರೆ ಸಾಕಿತ್ತು, ಮಳಿಗೆ ಮೊಬೈಲಿನವನ ಪಾಲಾಗುತ್ತಿತ್ತು. ಅವರ ಖಾಲಿಯಿದ್ದ ಕೈ ಹಿಡಿದುಕೊಂಡೆ.

"ಬಿಡಿ ಸಾಮಿ," ಎಂದರು ಒಬ್ಬಟ್ಟು ಅಗಿಯುತ್ತ. "ಹಬ್ಬಕ್ಕೆ ಬಂದೋರ್ನ ಬರಿಗೈಲಿ ಕಳ್ಸಾಕಾಯ್ತದಾ? ಆ ಮರುಕ್ಕೆ ನಮ್ಮಪ್ಪ ಎತ್ತು ಕಟ್ತಿದ್ದ. ಅದ್ರ ಹೆಸ್ರು ಬ್ಯಾರೆಯೋರ ಬಾಯಲ್ಲಿ ಕೇಳಿ ಎಷ್ಟ್ ವರ್ಸ ಆಗಿತ್ತೋ. ಮೊಬೈಲ್‌ನೋನಿಗೆ ಬ್ಯಾರೆ ಕಡೆ ನೋಡ್ಕೋ ಅಂತೀನಿ."

ಶಿವಲೀಲಾ ಊರಿಂದ ಬಂದು, ಕತೆ ಕೇಳಿ, ನಗು ತಡೆಯಲಾರದೆ ಮೆಟ್ಟಿಲ ಮೇಲೆ ಕುಸಿದಳು. ಆಮೇಲೆ ನನ್ನ ಪುಟವನ್ನು ಕಿತ್ತುಹಾಕಿ, ಒಂದು ಪುಟ್ಟ ನಕ್ಷೆ, ಒಂದು ಫೋನ್ ನಂಬರು ಹಾಕಿದಳು. ದೇವರು ಅವಳನ್ನು ಚೆನ್ನಾಗಿಟ್ಟಿರಲಿ.

ಆ ವರ್ಷದ ವರಮಹಾಲಕ್ಷ್ಮಿ ಹಬ್ಬಕ್ಕೆ ಸರೋಜ ಬಾಣದ ಗುರುತಿನ ಹಲಗೆಯೊಂದನ್ನು ನನ್ನ ಕೈಗೆ ಕೊಟ್ಟು ತಿರುವಿನಲ್ಲಿ ನಿಲ್ಲಿಸಿದಳು, ಬಾಯಿ ಬಿಡಕೂಡದು ಎಂಬ ಷರತ್ತಿನೊಂದಿಗೆ. ಊಟದ ಹೊತ್ತಿಗೆ ಒಬ್ಬಟ್ಟೆಲ್ಲ ಖಾಲಿಯಾಗಿತ್ತು.