ಸುಬೇದಾರನಿಗೆ ಪಟಾಕಿ ಪಾಠ

ಗುರ್‌ರ್ ಎಂದು ಗಂಟಲು ಸರಿಮಾಡಿಕೊಂಡು, ನಾಲ್ಕು ಸಲ ಕೆಮ್ಮಿ, ಆಮೇಲೆ ಘರಘರಘರ ಎಂದು ಒಂದೇ ಸಮನೆ ಹೊಂದಿಕೊಳ್ಳುವ ಹಿಟ್ಟಿನ ಗಿರಣಿಯ ಸದ್ದಿನಿಂದಲೇ ಕುರುಗೋಡಿನ ಆ ಓಣಿಗೆ ಬೆಳಗಿನ ಎಂಟು ಗಂಟೆಯಾಗುತ್ತಿತ್ತು. ಸದ್ದು ಕೇಳಿದ ಕೂಡಲೇ ಓಣಿಯ ಬೇರೆ ನಾಯಿಗಳು ಎದ್ದು ದೂರ ಹೋಗುತ್ತಿದ್ದವು. ಜಡೆಮ್ಮನ ಮನೆಯ ಸುಬೇದಾರ ಮಾತ್ರ ಎಲ್ಲಿದ್ದರೂ ಬಂದು, ಗಿರಣಿಯ ಮುಂದಿನ ಸ್ಟೂಲಿನ ಬುಡದಲ್ಲಿ ಮೂರು ಸುತ್ತು ಸುತ್ತಿ, ಮೂತಿಯನ್ನು ಬಾಲದೊಳಗೆ ಸಿಕ್ಕಿಸಿಕೊಂಡು ಮಲಗಿಬಿಡುತ್ತಿದ್ದ. ಸ್ಟೂಲಿನ ಮೇಲೆ ಜಡೆಮ್ಮ ಕುಳಿತು ಜೋಳ ಬೀಸುತ್ತಿದ್ದಳು. ಬೆಳಿಗ್ಗೆ ಕಂದು ಬಣ್ಣದಲ್ಲಿ ಮಲಗಿದ ಸುಬೇದಾರ ಮಧ್ಯಾಹ್ನ ಬಿಳಿಯ ಬಣ್ಣದಲ್ಲಿ ಏಳುತ್ತಿದ್ದ. (ಆ ಮನೆಯಲ್ಲಿ ಎರಡು ನಾಯಿಗಳಿವೆಯೆಂದು ನಂಬಿದವರು ಓಣಿಯಲ್ಲಿ ಈಗಲೂ ಇದ್ದಾರೆ.)

ಸುಬೇದಾರ ಎಂಬ ಹೆಸರಿಟ್ಟವನು ಜಡೆಮ್ಮನ ಗಂಡ ವೆಂಕಣ್ಣ. ಮರಿಯಿದ್ದಾಗಲೇ ಎದೆ ಸೆಟೆಸಿ ಹೊಸ್ತಿಲ ಮೇಲೆ ಕೂರುತ್ತಿದ್ದ ಭಂಗಿಗೆ ಮೆಚ್ಚಿ ಕೊಟ್ಟ ಪದವಿ ಅದು. ಪದವಿಗೆ ತಕ್ಕಂತೆ ಅವನು ಎಮ್ಮೆಗೆ ಹೆದರಲಿಲ್ಲ, ಟ್ರ್ಯಾಕ್ಟರಿಗೆ ಹೆದರಲಿಲ್ಲ, ಮೀಟರು ಓದಲು ಬಂದವನಿಗಂತೂ ಹೆದರಲೇ ಇಲ್ಲ. ಆದರೆ ಎಲ್ಲೋ ದೂರದಲ್ಲಿ ಒಂದು ಪಟಾಕಿ ಢಂ ಎಂದರೆ ಸಾಕು, ಸುಬೇದಾರನ ಪದವಿ, ಮೀಸೆ, ಬಾಲ ಎಲ್ಲ ಒಮ್ಮೆಲೇ ಇಳಿದುಹೋಗುತ್ತಿದ್ದವು. ಮಂಚದ ಕೆಳಗೆ ಹೊಕ್ಕು ಅವನು ನಡುಗುವ ನಡುಕಕ್ಕೆ ಮಂಚದ ಮೇಲಿಟ್ಟ ಸ್ಟೀಲ್ ಡಬ್ಬಿಗಳು ಒಂದಕ್ಕೊಂದು ತಾಗಿ ಗಲಗಲ ಎನ್ನುತ್ತಿದ್ದವು.

ಕಳೆದ ದೀಪಾವಳಿಗೆ ಮಂಚ ಸಾಲದೆ ಹಿತ್ತಲ ಗೋಡೆ ಹಾರಿ ಓಡಿದ್ದ. ವೆಂಕಣ್ಣ ಮೂರು ದಿನ ಹಳೆಯ ಮೊಪೆಡ್ಡಿನಲ್ಲಿ ಹುಡುಕಿದ. "ನಾಯಿ ಹೋದ್ರ ಹೋತು, ಊರಾಗ ನಾಯಿಗೇನ ಬರಗಾಲಾ" ಎಂದ ಜಡೆಮ್ಮ ಮೂರು ದಿನ ಗಿರಣಿಯ ಬಾಗಿಲು ತೆರೆಯಲಿಲ್ಲ. ಕೊನೆಗೆ ಬಾದನಹಟ್ಟಿಯ ಮೆಣಸಿನಕಾಯಿ ಹೊಲವೊಂದರ ಬದುವಿನಲ್ಲಿ ಸಿಕ್ಕ. ಕಾಲಿಗೆ ಮುಳ್ಳು ಚುಚ್ಚಿತ್ತು. ಮನೆಗೆ ಬಂದ ಮೇಲೂ ಒಂದು ವಾರ ಅನ್ನ ಮುಟ್ಟಲಿಲ್ಲ. ಈಗ ಅವನಿಗೆ ಹನ್ನೊಂದು ವರ್ಷ. ಮೂತಿಯ ಸುತ್ತಲಿನ ಬಿಳುಪು ಹಿಟ್ಟಿನದಲ್ಲ, ಒರೆಸಿದರೆ ಹೋಗುವಂಥದ್ದಲ್ಲ. ಈ ಸಲ ಓಡಿದರೆ ತಿರುಗಿ ಬರುವ ಶಕ್ತಿ ಆ ಕಾಲುಗಳಲ್ಲಿ ಇಲ್ಲವೆಂಬುದು ಗಂಡ ಹೆಂಡತಿ ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಅದನ್ನು ಬಾಯಿಬಿಟ್ಟು ಆಡಿರಲಿಲ್ಲ.

ವೆಂಕಣ್ಣ ಸುಮ್ಮನೆ ಕೂರುವ ಪೈಕಿಯಲ್ಲ. ಹೈಸ್ಕೂಲಿನ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಅಟೆಂಡರ್ ಆಗಿದ್ದವನು, ಗಾಜಿನ ನಳಿಕೆಗಳನ್ನು ತೊಳೆದೂ ತೊಳೆದೂ ವಿಜ್ಞಾನಿಯಾಗಿ ನಿವೃತ್ತನಾಗಿದ್ದ. ಹಬ್ಬ ಇನ್ನೂ ಒಂದು ತಿಂಗಳಿರುವಾಗಲೇ ಸುಬೇದಾರನನ್ನು ಟಂಟಂ ಆಟೋದಲ್ಲಿ ಕೂರಿಸಿಕೊಂಡು ಬಳ್ಳಾರಿಗೆ ಹೋಗಿ ಪಶುವೈದ್ಯೆ ಜಯಶ್ರೀಯವರನ್ನು ಕಂಡ. ಅವರು ಹೇಳಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಪಟಾಕಿಯ ಸದ್ದನ್ನು ಮೊದಲೇ ಸಣ್ಣದಾಗಿ ಕೇಳಿಸುತ್ತ, ಇಷ್ಟದ ತಿಂಡಿ ಕೊಡುತ್ತ, ದಿನದಿನಕ್ಕೆ ಸದ್ದು ಹೆಚ್ಚಿಸಬೇಕು. ಹಬ್ಬದ ದಿನ ಒಳಕೋಣೆಯಲ್ಲಿ ಕಿಟಕಿ ಮುಚ್ಚಿ ಇಡಬೇಕು. ಫ್ಯಾನೋ ರೇಡಿಯೋವೋ, ಒಂದೇ ಸಮನಾದ ಸದ್ದಿದ್ದರೆ ಒಳ್ಳೆಯದು. ಬೈಯಬಾರದು. ನಾಯಿಗೆ ಯಾರ ಮೇಲೆ ಅತಿ ಹೆಚ್ಚು ನಂಬಿಕೆಯೋ ಅವರು ಜೊತೆಗಿರಬೇಕು. (ಈ ಕೊನೆಯ ಸಾಲಿನ ಮುಂದೆ ವೆಂಕಣ್ಣ ಕಂಸದಲ್ಲಿ "ನಾನು" ಎಂದು ಬರೆದು ಅಡಿಗೆರೆ ಹಾಕಿದ.)

ಮೊದಲನೆಯ ಪ್ರಯೋಗ ಮೊಬೈಲಿನದು. ಸಿರುಗುಪ್ಪಕ್ಕೆ ಕೊಟ್ಟ ಮಗಳು ಮೇಘಾ ಪಟಾಕಿ ಸದ್ದುಗಳನ್ನು ಕಳಿಸಿಕೊಟ್ಟಳು. ವೆಂಕಣ್ಣ ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ತುಪ್ಪ ಸವರಿದ ರೊಟ್ಟಿಯ ಚೂರು ಹಿಡಿದು ದಿನಾ ಸಂಜೆ ಪಾಠಕ್ಕೆ ಕುಳಿತ. ಹತ್ತು ದಿನಕ್ಕೆ ಫಲ ಕಂಡಿತು. ಫೋನಿನಲ್ಲಿ ಸರಪಟಾಕಿ ಸಿಡಿದರೆ ಸುಬೇದಾರ ಬಾಲ ಆಡಿಸುತ್ತ ಬಂದು ಎದುರಿಗೆ ಕೂತು ಜೊಲ್ಲು ಸುರಿಸತೊಡಗಿದ.

"ನೋಡಿದ್ಯಾ?" ಎಂದ ವೆಂಕಣ್ಣ ಹೆಂಡತಿಗೆ. "ವಿದ್ಯೆ ಅಂದ್ರ ಇದು."

"ತುಪ್ಪದ ವಿದ್ಯೆ" ಎಂದಳು ಜಡೆಮ್ಮ. "ನಿಮಗ ಸವರಿ ಕೊಟ್ರ ನೀವೂ ಕುಂತು ಕೇಳ್ತಿದ್ರಿ."

ಮರುದಿನವೇ ಓಣಿಯ ತುದಿಯಲ್ಲಿ ಯಾರೋ ನಿಜವಾದ ಪಟಾಕಿ ಒಂದನ್ನು ಹಚ್ಚಿ ನೋಡಿದರು. ಸುಬೇದಾರ ಬಾಯೊಳಗಿನ ತುಪ್ಪದ ರೊಟ್ಟಿಯನ್ನು ಅಲ್ಲಿಯೇ ಉಗುಳಿ ಮಂಚದ ಕೆಳಗಿದ್ದ. ಡಬ್ಬಿಗಳು ಗಲಗಲ ಎಂದವು.

ವೆಂಕಣ್ಣ ಫೋನು ಹಚ್ಚಿದ. "ಮೇಘಾ, ಇದಕ್ಕ ಫೋನಿನ ಪಟಾಕಿ ಯಾವ್ದು, ಖರೇ ಪಟಾಕಿ ಯಾವ್ದು ಗೊತ್ತಾಗತೈತಿ."

"ಫೋನಿನ ಪಟಾಕಿಗೆ ಮದ್ದಿನ ವಾಸನಿ ಎಲ್ಲೈತಪ್ಪಾ" ಎಂದಳು ಮಗಳು. "ಅದು ಮೂಗಿಲೆ ಬದುಕೋ ಪ್ರಾಣಿ. ಮೈಗೆ ಬಿಗಿಯಾಗಿ ಅರಿಬಿ ಸುತ್ತಿ ನೋಡು, ಕೆಲವು ನಾಯಿಗೆ ಧೈರ್ಯ ಬರತೈತಂತ."

ಸುತ್ತಲಾಯಿತು. ಮನೆಯಲ್ಲಿ ಸಿಕ್ಕಿದ್ದು ಜಡೆಮ್ಮನ ಹಳೆಯ ಹಸಿರು ಸೀರೆ. ಅದರ ಜರಿಯಂಚು ಬೆನ್ನ ಮೇಲೆ ಬಂದು, ಸುಬೇದಾರ ನಾಚಿಕೊಂಡವನಂತೆ ತಲೆ ತಗ್ಗಿಸಿ ನಡೆಯುವಾಗ ಎದುರುಮನೆಯ ವಿರೂಪಮ್ಮ ಬುಟ್ಟಿಯಲ್ಲಿ ಜೋಳ ತಂದಳು. ಒಂದು ಗಳಿಗೆ ನಿಂತು ನೋಡಿದಳು.

"ಸೀಮಂತ ಯಾವಾಗ, ಅಣ್ಣಾ?" ಎಂದಳು. "ಹಸಿರು ಬಳಿ ನಾ ತರ್ತೀನಿ."

ಎರಡನೆಯ ಪ್ರಯೋಗ ಅಲ್ಲಿಗೆ ಮುಗಿಯಿತು.

ಮೂರನೆಯದನ್ನು ವೆಂಕಣ್ಣ ಮಾಡಲಿಲ್ಲ, ಅದು ತಾನಾಗಿಯೇ ಒದಗಿತು. ಹಬ್ಬಕ್ಕೆ ವಾರವಿರುವಾಗ ಒಂದು ಮಧ್ಯಾಹ್ನ ಮದುವೆಯ ಮೆರವಣಿಗೆಯೊಂದು ಅದೇ ಓಣಿಯಲ್ಲಿ ಬಂದು, ಗಿರಣಿಯ ಬಾಗಿಲ ಮುಂದೆಯೇ ಸರಪಟಾಕಿ ಸುರಿಯಿತು. ವೆಂಕಣ್ಣ ಜೀವ ಕೈಯಲ್ಲಿ ಹಿಡಿದು ಓಡಿಬಂದ. ಗಿರಣಿ ಘರಘರ ಓಡುತ್ತಿತ್ತು. ಜಡೆಮ್ಮ ಸ್ಟೂಲಿನ ಮೇಲಿದ್ದಳು. ಸುಬೇದಾರ ಅವಳ ಕಾಲಬುಡದಲ್ಲಿ ಕಿವಿಯನ್ನೊಮ್ಮೆ ಅಲುಗಿಸಿ, ನಿಟ್ಟುಸಿರಿಟ್ಟು, ಮಗ್ಗುಲು ಬದಲಿಸಿದ. ನಿದ್ದೆ ಕೆಡಲಿಲ್ಲ.

ವೆಂಕಣ್ಣನ ಮೈಯಲ್ಲಿ ಮೂವತ್ತು ವರ್ಷದ ವಿಜ್ಞಾನವೆಲ್ಲ ಎದ್ದು ನಿಂತಿತು.

"ಗಿರಣಿ" ಎಂದ. "ಹಬ್ಬದ ದಿನ ಸಂಜಿಗೆ ಮೂರು ತಾಸು ಗಿರಣಿ ಓಡ್ಸಿದ್ರ ಮುಗೀತು."

ಜಡೆಮ್ಮ ಹಿಟ್ಟು ಜರಡಿ ಹಿಡಿಯುವುದನ್ನು ನಿಲ್ಲಿಸಿದಳು. "ಅಮಾಸಿ ದಿನ ಗಿರಣಿ ಓಡ್ಸಂಗಿಲ್ಲ. ಪೂಜಿ ಮಾಡಿ ಹೂವು ಏರ್ಸಿದ ಮ್ಯಾಲ ಪಾಡ್ಯದ ಮುಂಜಾನಿ ತನಕ ಅದನ್ನ ಯಾರೂ ಮುಟ್ಟಂಗಿಲ್ಲ. ವರ್ಷಕ್ಕ ಒಂದ ದಿನ ಅದಕ್ಕ ರಜಾ. ನಮ್ಮಪ್ಪನ ಕಾಲದಿಂದ ಹಂಗ ನಡದೈತಿ."

"ಅದು ಕಬ್ಬಿಣ, ಜಡೆಮ್ಮ."

"ಆ ದಿನ ಅದು ಲಕ್ಷ್ಮಿ."

"ಲಕ್ಷ್ಮಿಗೆ ನಾಯಿ ಮ್ಯಾಲ ಕರುಣಾ ಇರಂಗಿಲ್ಲೇನು?"

"ಲಕ್ಷ್ಮಿಗೆ ಇರತೈತಿ. ಕಲ್ಲಿಗೆ ಇರಂಗಿಲ್ಲ. ಖಾಲಿ ಓಡ್ಸಿದ್ರ ಕಲ್ಲಿಗೆ ಕಲ್ಲು ತಿಕ್ಕಿ ಹಾಳಾಗತಾವು. ಹಬ್ಬದ ಸಂಜಿಗೆ ಕಾಳು ತರೋರು ಯಾರು? ನೀವು ಒಳಗಿನ ಖೋಲಿಯಾಗ ಅದರ ಜೋಡಿ ಕುಂದರ್ರಿ, ಸಾಕು."

ವೆಂಕಣ್ಣ ಸರಿಯೆಂದು ತಲೆಯಾಡಿಸಿದ. (ಮದುವೆಯಾದಂದಿನಿಂದ ಅವನು ಸರಿಯೆಂದು ತಲೆಯಾಡಿಸಿದಾಗಲೆಲ್ಲ ಮನೆಯಲ್ಲಿ ಏನಾದರೊಂದು ಆಗಿದೆ.)

ಅಮಾವಾಸ್ಯೆ ಬಂತು. ಗಿರಣಿಗೆ ವಿಭೂತಿ, ಕುಂಕುಮ, ಚೆಂಡುಹೂವಿನ ಮಾಲೆ ಏರಿದವು. ಸೂರ್ಯ ಇಳಿಯುವ ಹೊತ್ತಿಗೆ ಹೊಸ್ತಿಲಲ್ಲಿ ಹಣತೆ ಹಚ್ಚಿ ಜಡೆಮ್ಮ ತಟ್ಟೆ ಹಿಡಿದು ವಿರೂಪಮ್ಮನ ಜೊತೆ ಗುಡಿಗೆ ಹೊರಟಳು.

"ಅರ್ಧ ತಾಸಿನಾಗ ಬರ್ತೀನಿ. ಅದನ್ನ ಬಿಟ್ಟು ಏಳಬ್ಯಾಡ್ರಿ."

"ನಾ ಅದೀನಲ್ಲ" ಎಂದ ವೆಂಕಣ್ಣ.

ಅವಳು ಓಣಿಯ ತಿರುವು ದಾಟುವಷ್ಟರಲ್ಲಿ ಎರಡು ಪಟಾಕಿ ಸಿಡಿದವು. ಸುಬೇದಾರ ನಡುಗತೊಡಗಿದ. ಆ ನಡುಕ ನೋಡಲಾಗದೆ ವೆಂಕಣ್ಣ ಅವನನ್ನು ಅವುಚಿಕೊಂಡು ಗಿರಣಿಗೆ ಬಂದು, ಸ್ಟೂಲಿನ ಬುಡದಲ್ಲಿ ಕೂರಿಸಿ, ಬೀದಿಬಾಗಿಲು ಹಾಕಿದ. ಮಾಲೆಯನ್ನು ಮೆಲ್ಲಗೆ ತೆಗೆದು ಮೊಳೆಗೆ ತೂಗುಹಾಕಿ, "ಸಣ್ಣ ಕೆಲಸ ಐತಿ ತಾಯಿ" ಎಂದು ಕೈಮುಗಿದು, ಸ್ವಿಚ್ಚು ಒತ್ತಿದ.

ಮನೆಯ ಅರ್ಧ ಚೀಲ ಜೋಳ ಮೂರು ತಾಸಿಗೆ ಸಾಕೆಂದು ಅವನ ಅಂದಾಜು. ಆದರೆ ಗಿರಣಿ ಓಡುವುದನ್ನು ಅವನು ನೋಡಿದ್ದನೇ ಹೊರತು ಎಂದೂ ಓಡಿಸಿದವನಲ್ಲ. ಕಾಳು ಎಷ್ಟು ಬೀಳಬೇಕೆಂಬುದು ಜಡೆಮ್ಮನ ಹೆಬ್ಬೆರಳಿಗೆ ಗೊತ್ತಿತ್ತು, ವೆಂಕಣ್ಣನ ನೋಟ್‌ಬುಕ್ಕಿಗೆ ಗೊತ್ತಿರಲಿಲ್ಲ. ಇಪ್ಪತ್ತು ನಿಮಿಷಕ್ಕೆ ಜೋಳ ಮುಗಿಯಿತು. ಕಲ್ಲುಗಳು ಹಲ್ಲು ಕಡಿದ ಸದ್ದು ಬಂತು. ವೆಂಕಣ್ಣ ಓಡಿಹೋಗಿ ಗೋಧಿ ತಂದು ಸುರಿದ. ಗೋಧಿ ಮುಗಿಯಿತು, ಅಕ್ಕಿ ಸುರಿದ. ಅಕ್ಕಿ ಮುಗಿಯಿತು, ಕಡಲೆ ಸುರಿದ. ಕಣ್ಣಿಗೆ ಹಿಟ್ಟು, ಮೂಗಿಗೆ ಹಿಟ್ಟು, ಒಂದು ಮೊಳ ದೂರದ ಸ್ಟೂಲೂ ಕಾಣದಷ್ಟು ಹಿಟ್ಟು. ಆದರೆ ಒಂದು ಪಟಾಕಿಯ ಸದ್ದೂ ಕೇಳಿಸುತ್ತಿರಲಿಲ್ಲ. "ನಿದ್ದಿ ಮಾಡಪ್ಪ ಸುಬೇದಾರ, ನಾ ಅದೀನಿ" ಎಂದು ಆ ಬಿಳಿಯ ಮೋಡದೊಳಗೆ ಕೂಗಿ ಹೇಳಿ ಹೆಸರುಕಾಳಿನ ಡಬ್ಬಿ ಬರಿದುಮಾಡಿದ.

ಕೊನೆಗೆ ಉಳಿದದ್ದು ಶೇಂಗಾ. ಎಣ್ಣೆಕಾಳು ಹಾಕಬಾರದೆಂದು ಗೋಡೆಯ ಮೇಲೆ ಜಡೆಮ್ಮನೇ ಬರೆಸಿದ್ದಳು. ವೆಂಕಣ್ಣ ಆ ಬರಹಕ್ಕೆ ಬೆನ್ನು ತಿರುಗಿಸಿ ಸುರಿದ. ಗಿರಣಿ ಒಮ್ಮೆ ಊಳಿಟ್ಟಿತು, ಬೆಲ್ಟು ಸುಟ್ಟ ವಾಸನೆ ಬಂತು, ಕಲ್ಲುಗಳು ಅಂಟಿಕೊಂಡು ನಿಂತವು.

ನಿಂತ ಕೂಡಲೇ ಊರಿನ ಪಟಾಕಿಯೆಲ್ಲ ಒಮ್ಮೆಲೇ ಒಳಗೆ ಬಂದಂತಾಯಿತು. ಹಿಟ್ಟು ಮೆಲ್ಲಗೆ ಇಳಿಯಿತು. ಸ್ಟೂಲು ಕಂಡಿತು. ಸ್ಟೂಲಿನ ಬುಡ ಖಾಲಿಯಿತ್ತು.

ಬೀದಿಬಾಗಿಲು ಹಾಕಿದ್ದು ಹಾಕಿದಂತೆಯೇ ಇತ್ತು. ಹಿತ್ತಲ ಕಡೆಯ ಬಾಗಿಲು ಒಂದು ನಾಯಿ ನುಸುಳುವಷ್ಟು ತೆರೆದಿತ್ತು.

ಕತ್ತಲಾಗುತ್ತಿದ್ದ ಮೆಣಸಿನಕಾಯಿ ಹೊಲಗಳು, ಬಳ್ಳಾರಿ ರಸ್ತೆಯ ಲಾರಿಗಳ ದೀಪ, ಹನ್ನೊಂದು ವರ್ಷದ ನಾಲ್ಕು ಕಾಲುಗಳು ವೆಂಕಣ್ಣನ ಕಣ್ಣಮುಂದೆ ಬಂದವು. ಬೈಯಬಾರದು ಎಂದು ಬರೆದುಕೊಂಡವನು ತನ್ನನ್ನು ತಾನೇ ಬೈದುಕೊಳ್ಳುತ್ತ ಹಿತ್ತಲಿಗೆ ಓಡಿದ. "ಸುಬೇದಾರಾ, ಲೇ ಸುಬೇದಾರಾ, ಬಾರಪ್ಪ" ಎಂದು ಗೋಡೆಯಾಚೆಗೆ ಕೂಗಿದ.

"ಕೂಗಬ್ಯಾಡ್ರಿ" ಎಂದಿತು ಒಳಕೋಣೆ. "ಈಗರ ಕಣ್ಣು ಮುಚ್ಚೈತಿ."

ಒಳಗೆ ಜಡೆಮ್ಮ ಗೋಡೆಗೆ ಒರಗಿ ನೆಲದ ಮೇಲೆ ಕುಳಿತಿದ್ದಳು. ಪಕ್ಕದಲ್ಲಿ ಗುಡಿಗೆ ಒಯ್ದ ತಟ್ಟೆ, ಒಡೆಯದ ಕಾಯಿ. ಮಡಿಲಲ್ಲಿ ಸುಬೇದಾರನ ತಲೆ, ತಲೆಯ ಮೇಲೆ ಸೆರಗು. ಹೊರಗೆ ಸರಪಟಾಕಿ ಉರುಳುತ್ತಿತ್ತು. ಸೆರಗು ಉಸಿರಾಟಕ್ಕೆ ತಕ್ಕಂತೆ ಏರಿ ಇಳಿಯುತ್ತಿತ್ತು, ಅಷ್ಟೇ.

ವೆಂಕಣ್ಣ ಬಾಗಿಲ ಚೌಕಟ್ಟು ಹಿಡಿದುಕೊಂಡ. "ನೀ ಯಾವಾಗ ಬಂದಿ?"

"ಗುಡಿ ಮುಟ್ಟಿದ್ದಿಲ್ಲ, ನಮ್ಮ ಗಿರಣಿ ಸಪ್ಪಳ ಕೇಳ್ತು. ಅಮಾಸಿ ಸಂಜಿಗೆ. ವಿರೂಪಮ್ಮ ನನ್ನ ಮಾರಿ ನೋಡಿದ್ಲು, ನಾ ತಿರುಗಿ ಹಿತ್ತಲಿಂದ ಬಂದೆ. ಇದು ಹಿತ್ತಲ ಬಾಗಲ ಸಂದ್ಯಾಗ ನಿಂತು ನಡುಗಾಕತ್ತಿತ್ತು."

"ಪಟಾಕಿಗೆ?"

"ನಿಮ್ಮ ಗಿರಣಿಗೆ. ಕಾಳು ಹಂಗ ತುರುಕಿದ್ರ ಕಲ್ಲು ಚೀರ್ತಾವು. ಅಂಥ ಸಪ್ಪಳ ಅದು ಯಾವಾಗ ಕೇಳಿತ್ತು?"

ವೆಂಕಣ್ಣ ಬೆರಳು ಮಡಚಿ ಲೆಕ್ಕ ಹಾಕಿದ. "ಅಂದ್ರ ನೀ ಬಂದಾಗ ನಾ ಇನ್ನ ಜೋಳ..."

"ಗೋಧಿ" ಎಂದಳು ಜಡೆಮ್ಮ. "ಆಮ್ಯಾಲ ಅಕ್ಕಿ. ಆಮ್ಯಾಲ ಕಡ್ಲಿ. ಒಂದೊಂದರ ಸಪ್ಪಳ ಒಂದೊಂದು ನಮೂನಿ ಇರತೈತಿ. ಹೆಸರುಕಾಳಿಗೆ ನಿಲ್ಲಿಸ್ತೀರಿ ಅಂದ್ಕೊಂಡೆ. ಶೇಂಗಾ ಹಾಕತೀರಿ ಅಂದ್ಕೊಂಡಿದ್ದಿಲ್ಲ."

"ಕೇಳ್ಕೋತ ಕುಂತಿದ್ಯಾ? ಬಂದು ಒಂದು ಮಾತು ನಿಲ್ಲಸ್ರಿ ಅನ್ನಬಾರದಾಗಿತ್ತಾ?"

ಜಡೆಮ್ಮ ಸೆರಗಿನ ಅಂಚನ್ನು ಸುಬೇದಾರನ ಕಿವಿಯ ಮೇಲೆ ಸರಿಮಾಡಿದಳು. "ಎದ್ರ ಇದು ಏಳತಿತ್ತು" ಎಂದಳು.

ಆರು ತಿಂಗಳ ಕಾಳುಕಡಿ ಒಂದೇ ಹಿಟ್ಟಾಗುವುದನ್ನು ಈ ಹೆಂಗಸು ಗೋಡೆಯೀಚೆ ಕುಳಿತು ಒಂದೊಂದಾಗಿ ಎಣಿಸಿಕೊಳ್ಳುತ್ತ, ಮಡಿಲು ಅಲುಗಿಸದೆ ಇದ್ದಳು. ವೆಂಕಣ್ಣ ಬಂದು ಅವಳ ಪಕ್ಕ ಮೆಲ್ಲಗೆ ಕುಳಿತ. ಕುಳಿತಲ್ಲಿ ಹಿಟ್ಟಿನ ಒಂದು ಸಣ್ಣ ಮೋಡ ಎದ್ದಿತು.

"ಆ ಹಿಟ್ಟಿಂದ ಏನ್ ಮಾಡ್ತಿ?" ಎಂದ.

"ರೊಟ್ಟಿ ಮಾಡ್ತೀನಿ. ತಿನ್ನೋರು ನೀವು." ಅವಳು ಹೊಸ್ತಿಲ ಹಣತೆಗಳ ಕಡೆ ನೋಡಿದಳು. "ದೀಪಕ್ಕ ಎಣ್ಣಿ ತೀರೇತಿ. ಒಂದೀಟು ಹಿಡ್ಕೊಳ್ರಿ ಇದನ್ನ. ಅಲುಗಬ್ಯಾಡ್ರಿ."

ಸುಬೇದಾರನ ತಲೆಯನ್ನು ಎರಡೂ ಕೈಯಲ್ಲಿ ಎತ್ತಿ ಗಂಡನ ತೊಡೆಯ ಮೇಲಿಟ್ಟು ಅವಳು ಎಣ್ಣೆಗೆಂದು ಅಡುಗೆಮನೆಗೆ ಹೋದಳು. ವೆಂಕಣ್ಣ ಉಸಿರು ಬಿಗಿಹಿಡಿದು ಕುಳಿತ. ಹಿಟ್ಟಿನ ಕೈಯಿಂದ ನಾಯಿಯ ಬೆನ್ನು ಸವರಿದ. ಸುಬೇದಾರ ಕಣ್ಣು ತೆರೆದು, ಹುಬ್ಬಿನವರೆಗೆ ಬೆಳ್ಳಗಿದ್ದ ಆ ಮುಖವನ್ನು ಯಾರೆಂದು ಗುರುತಿಸುವವನಂತೆ ನೋಡಿ, ಒಮ್ಮೆ ಸೀನಿದ.

"ನೋಡಪ್ಪ" ಎಂದ ವೆಂಕಣ್ಣ, ತಗ್ಗಿದ ದನಿಯಲ್ಲಿ. "ನಿನಗ ಒಬ್ಬನಿಗೆ ಹೇಳ್ತೀನಿ. ವಿಚಾರ ಏನ್ ತಪ್ಪಿದ್ದಿಲ್ಲ. ಶೇಂಗಾ ಒಂದು ಹಾಕಬಾರದಾಗಿತ್ತು. ಮುಂದಿನ ವರ್ಷ ನಾವಿಬ್ಬರೂ ಸೇರಿ..."

ಎದುರುಮನೆಯ ಅಂಗಳದಲ್ಲಿ ಢಂ ಎಂದು ದೊಡ್ಡದೊಂದು ಸಿಡಿಯಿತು. ವೆಂಕಣ್ಣ ಗಾಬರಿಯಿಂದ ಎರಡೂ ಕೈ ಬಿಗಿದ. ಸುಬೇದಾರನ ಕಿವಿಗಳು ತಲೆಗೆ ಅಂಟಿದವು, ಬಾಲ ಒಳಗೆ ಹೋಯಿತು. ಆದರೆ ಅವನು ಓಡಲಿಲ್ಲ. ಆ ಕೈಗಳೊಳಗಿಂದ ಮೆಲ್ಲಗೆ ಜಾರಿ, ಎದ್ದು, ಮುಂಗಾಲು ಚಾಚಿ ಮೈಮುರಿದ.

"ಲೇ, ಕುಂದ್ರು. ನಾ ಇನ್ನ ಹೇಳಾಕತ್ತೀನಿ. ನಂಬಿಕಿ ಅಂದ್ರ ಏನಂತಂದ್ರ..."

ಸುಬೇದಾರ ತಿರುಗಿ ನೋಡದೆ, ತುಸು ಕುಂಟುತ್ತ, ಬಳೆಯ ಸದ್ದು ಬರುತ್ತಿದ್ದ ಅಡುಗೆಮನೆಯ ಕಡೆಗೆ ನಡೆದುಹೋದ.